ಎರಡೂವರೆ ವರ್ಷದ ಮಗಳಿಗೆ ಸನ್ನೆ ಭಾಷೆ ಕಲಿಸಲು ನಮಗೆ ಅರ್ಥವಾಗುವ ಮಾಹಿತಿ ಎಲ್ಲಿ ಸಿಗುತ್ತದೆ?

ಪ್ರಶ್ನೆ: ಮಗುವಿನ ತಾಯಿ, ರಾಣೆಬೆನ್ನೂರು ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳಿಗೆ ಎರಡೂವರೆ ವರ್ಷ. ಎರಡೂ ಕಿವಿಗಳಲ್ಲಿ ಅತಿ ತೀವ್ರ ಶ್ರವಣದೋಷವಿದೆ ಎಂದು, ಶಬ್ದಕ್ಕೆ ಕಿವಿಯ ನರ ಹೇಗೆ ಸ್ಪಂದಿಸುತ್ತದೆ ಎಂದು ನೋಡುವ ಬೇರಾ ಪರೀಕ್ಷೆಯಿಂದ ಗೊತ್ತಾಗಿದೆ. ಕೆಲವು ತಿಂಗಳಿಂದ ಕಿವಿಗೆ ಮಷಿನ್ ಹಾಕುತ್ತಿದ್ದೇವೆ. ಬಾಗಿಲು ಜೋರಾಗಿ ಬಡಿದರೆ, ರಸ್ತೆಯಲ್ಲಿ ಲಾರಿಯ ಹಾರ್ನ್ ಆದರೆ ತಿರುಗಿ ನೋಡುತ್ತಾಳೆ. ಆದರೆ ಮಾತು ತಿಳಿಯುವಷ್ಟು ಕೇಳಿಸುವುದಿಲ್ಲ. ಏನಾದರೂ ಬೇಕಾದಾಗ ನನ್ನ ಸೆರಗು ಹಿಡಿದು ಎಳೆದುಕೊಂಡು ಹೋಗಿ ತೋರಿಸುತ್ತಾಳೆ. ಕಣ್ಣೆದುರಿಗೆ ಇಲ್ಲದ್ದನ್ನು, ಅಂದರೆ ಹೊಟ್ಟೆ ನೋಯುತ್ತಿದೆ ಎಂಬುದನ್ನೋ ನಿನ್ನೆ ಕಂಡ ಕರುವನ್ನು ಇವತ್ತು ಮತ್ತೆ ನೋಡಬೇಕು ಎಂಬುದನ್ನೋ ಹೇಳಲು ಅವಳಿಗೆ ದಾರಿಯೇ ಇಲ್ಲ. ಅಳುತ್ತಾಳೆ, ನಾವು ಊಹಿಸುತ್ತೇವೆ, ಬಹಳ ಸಲ ನಮ್ಮ ಊಹೆ ತಪ್ಪುತ್ತದೆ.

ಅವಳಿಗೆ ಸನ್ನೆ ಭಾಷೆ ಕಲಿಸಬೇಕೆಂದು ನಾನೂ ನನ್ನ ಯಜಮಾನರೂ ನಿಶ್ಚಯಿಸಿದ್ದೇವೆ. ಮೊಬೈಲಿನಲ್ಲಿ ಹುಡುಕಿದರೆ ಮಕ್ಕಳ ಸನ್ನೆಗಳೆಂದು ಮೊದಲು ಸಿಗುವುದೆಲ್ಲ ಅಮೆರಿಕದ ವಿಡಿಯೊಗಳು. ಅವುಗಳಲ್ಲಿ ಮುಷ್ಟಿಯನ್ನು ಹಿಂಡುವಂತೆ ಮಾಡಿದರೆ ‘ಹಾಲು’ ಎಂದೂ, ಎರಡೂ ಕೈಗಳ ಬೆರಳ ತುದಿಗಳನ್ನು ಕೂಡಿಸಿ ಒಂದಕ್ಕೊಂದು ತಟ್ಟಿದರೆ ‘ಇನ್ನಷ್ಟು’ ಎಂದೂ ತೋರಿಸುತ್ತಾರೆ. ಇವನ್ನೇ ಕಲಿಸಿದರೆ ಮುಂದೆ ಅವಳು ಶಾಲೆಗೆ ಹೋದಾಗ ಅಲ್ಲಿ ಉಪಯೋಗಕ್ಕೆ ಬರುತ್ತದೆಯೇ? ನಾನು ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯವರೆಗೆ ಓದಿದವಳು. ಇಂಗ್ಲಿಷಿನಲ್ಲಿ ಉದ್ದವಾಗಿ ಬರೆದದ್ದನ್ನು ಓದಿ ಅರ್ಥ ಮಾಡಿಕೊಳ್ಳುವುದು ಕಷ್ಟ. ದಿನವೆಲ್ಲ ಮಗುವಿನ ಜೊತೆ ಇರುವವರು ನಮ್ಮ ಅತ್ತೆ; ಅವರಿಗೆ ಓದು ಬರಹ ಬರುವುದಿಲ್ಲ. ಜೊತೆಗೆ, ಕೈಸನ್ನೆ ಕಲಿಸಿದರೆ ಮಗು ಮಾತು ಕಲಿಯುವುದೇ ಇಲ್ಲ ಎಂದು ನೆಂಟರಿಷ್ಟರಲ್ಲಿ ಅನೇಕರು ಹೇಳಿ ಹೆದರಿಸುತ್ತಿದ್ದಾರೆ. ಎಲ್ಲಿಂದ ಆರಂಭಿಸಬೇಕು, ಯಾರನ್ನು ಕಾಣಬೇಕು, ದಿನಕ್ಕೆ ಎಷ್ಟು ಸನ್ನೆ ಹೇಳಿಕೊಡಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ವಿಶೇಷ ಶಿಕ್ಷಕಿ, ದಾವಣಗೆರೆ

ನಮಸ್ಕಾರ. ಶ್ರವಣದೋಷವುಳ್ಳ ಮಕ್ಕಳ ಶಾಲೆಯಲ್ಲಿ ಕೆಳಗಿನ ತರಗತಿಗಳಿಗೆ ಪಾಠ ಮಾಡುವವಳು ನಾನು. ನಿಮ್ಮ ಮೊದಲ ಪ್ರಶ್ನೆಗೆ ನೇರವಾಗಿಯೇ ಹೇಳುತ್ತೇನೆ: ಅಮೆರಿಕದ ಆ ವಿಡಿಯೊಗಳನ್ನು ಬಿಟ್ಟುಬಿಡಿ. ಅಮೆರಿಕದ ಸನ್ನೆ ಭಾಷೆಯೂ ಭಾರತೀಯ ಸನ್ನೆ ಭಾಷೆಯೂ ಬೇರೆ ಬೇರೆ ಭಾಷೆಗಳು. ಇಂಗ್ಲಿಷ್ ಅಕ್ಷರಗಳನ್ನು ಬೆರಳಿನಲ್ಲಿ ತೋರಿಸುವುದಕ್ಕೂ ಅಲ್ಲಿ ಒಂದೇ ಕೈ ಬಳಸುತ್ತಾರೆ, ನಮ್ಮಲ್ಲಿ ಎರಡು ಕೈ ಬಳಸುತ್ತೇವೆ. ಅದಲ್ಲದೆ, ನೀವು ನೋಡಿರುವಂಥ ವಿಡಿಯೊಗಳಲ್ಲಿ ಹೆಚ್ಚಿನವು ಕಿವಿ ಚೆನ್ನಾಗಿ ಕೇಳುವ ಶಿಶುಗಳಿಗೆ ಮಾತು ಬರುವವರೆಗಿನ ಅವಧಿಗೆಂದು ಹತ್ತಿಪ್ಪತ್ತು ಸನ್ನೆಗಳನ್ನು ಹೇಳಿಕೊಡುವಂಥವು. ನಿಮ್ಮ ಮಗಳಿಗೆ ಬೇಕಾಗಿರುವುದು ಅವಳು ಜಗಳವಾಡಲು, ಪ್ರಶ್ನೆ ಕೇಳಲು, ಕತೆ ಹೇಳಲು ಸಾಲುವಂಥ ಪೂರ್ಣ ಭಾಷೆ.

ಭಾರತೀಯ ಸನ್ನೆ ಭಾಷೆಗೆ ಸಂಬಂಧಿಸಿದ ಮುಖ್ಯ ಸರ್ಕಾರಿ ಸಂಸ್ಥೆ ದೆಹಲಿಯಲ್ಲಿರುವ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ, ಐ.ಎಸ್.ಎಲ್.ಆರ್.ಟಿ.ಸಿ. ಎಂದು ಎಲ್ಲರೂ ಕರೆಯುತ್ತಾರೆ. 2015ರಲ್ಲಿ ಆರಂಭವಾದ ಈ ಕೇಂದ್ರವು 2018ರಲ್ಲಿ ಮೂರು ಸಾವಿರ ಪದಗಳ ವಿಡಿಯೊ ನಿಘಂಟನ್ನು ಹೊರತಂದಿತು. 2021ರ ಮೂರನೆಯ ಆವೃತ್ತಿಯ ಹೊತ್ತಿಗೆ ಅದು ಹತ್ತು ಸಾವಿರ ಪದಗಳಿಗೆ ಬೆಳೆದಿತ್ತು. ಅದರಲ್ಲಿ ಕಾನೂನು, ವೈದ್ಯಕೀಯ, ಕೃಷಿಯ ಪದಗಳೂ ಸೇರಿವೆ. ನಿಮಗೆ ಸದ್ಯಕ್ಕೆ ದಿನಬಳಕೆಯ ಪದಗಳ ಭಾಗ ಸಾಕು. ಈ ವಿಡಿಯೊಗಳು ಯೂಟ್ಯೂಬಿನಲ್ಲಿ ಆ ಕೇಂದ್ರದ ಚಾನೆಲ್ಲಿನಲ್ಲಿ ಉಚಿತವಾಗಿ ಸಿಗುತ್ತವೆ. 2022ರಲ್ಲಿ ‘ಸೈನ್ ಲರ್ನ್’ ಎಂಬ ಆ್ಯಪ್ ಕೂಡ ಬಂದಿದೆ. ಅದರಲ್ಲಿ ಪದವನ್ನು ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಹುಡುಕಬೇಕು. ನಿಮಗೆ ತೊಡಕಾಗುವುದು ಇಲ್ಲಿಯೇ. ಅದಕ್ಕೊಂದು ಸುಲಭದ ದಾರಿಯಿದೆ. ಗೂಗಲ್ ಟ್ರಾನ್ಸ್‌ಲೇಟ್‌ನಲ್ಲಿ ಮೈಕ್ ಗುರುತನ್ನು ಒತ್ತಿ ಕನ್ನಡದಲ್ಲಿ ‘ಹಸಿವು’ ಎಂದು ಹೇಳಿದರೆ ಇಂಗ್ಲಿಷ್ ಪದ ಕಾಣಿಸುತ್ತದೆ. ಅದನ್ನು ನಕಲು ಮಾಡಿ ಸೈನ್ ಲರ್ನ್‌ನಲ್ಲಿ ಹಾಕಿದರೆ ಸನ್ನೆಯ ವಿಡಿಯೊ ಬರುತ್ತದೆ. ಆ ವಿಡಿಯೊವನ್ನು ಅಲ್ಲಿಂದಲೇ ವಾಟ್ಸ್‌ಆ್ಯಪ್‌ಗೆ ಕಳುಹಿಸಬಹುದು. ಮನೆಯವರೆಲ್ಲ ಇರುವ ಒಂದು ಗುಂಪು ಮಾಡಿ, ಪ್ರತಿ ವಿಡಿಯೊದ ಕೆಳಗೆ ಕನ್ನಡ ಪದ ಬರೆದು ಹಾಕಿದರೆ ಅದೇ ನಿಮ್ಮ ಕನ್ನಡ ನಿಘಂಟಾಗುತ್ತದೆ.

ನಿಘಂಟಿನಲ್ಲಿ ಯಾವ ಪದಗಳನ್ನು ಮೊದಲು ಆರಿಸಬೇಕು ಎಂಬುದು ಬಹಳ ಮುಖ್ಯ. ಅನೇಕ ತಂದೆತಾಯಿಗಳು ಹಣ್ಣುಗಳ ಹೆಸರು, ಬಣ್ಣಗಳ ಹೆಸರು, ಕಾಡುಪ್ರಾಣಿಗಳ ಹೆಸರು ಎಂದು ಪಟ್ಟಿ ಮಾಡಿಕೊಂಡು ಕಲಿಸುತ್ತಾರೆ. ಮಗು ಚಿತ್ರ ನೋಡಿ ಸಿಂಹದ ಸನ್ನೆ ಮಾಡಿದಾಗ ಬಂದವರೆಲ್ಲ ಮೆಚ್ಚುತ್ತಾರೆ, ಆದರೆ ತನಗೆ ಚಳಿಯಾಗುತ್ತಿದೆ ಎಂದು ಹೇಳಲು ಆ ಮಗುವಿಗೆ ಬರುವುದಿಲ್ಲ. ಬೇಕು, ಬೇಡ, ಇನ್ನೂ, ಆಯಿತು, ಎಲ್ಲಿ, ಯಾರು, ನೋವು, ಬಿಸಿ, ಹೆದರಿಕೆ, ಆಮೇಲೆ, ನಿನ್ನೆ, ಅಜ್ಜಿ, ಅಪ್ಪ, ಬಾ, ಹೋಗು, ಕೊಡು: ಇಂಥವುಗಳಿಂದ ಆರಂಭಿಸಿ. ಸ್ನಾನದ ಹೊತ್ತನ್ನೇ ತೆಗೆದುಕೊಳ್ಳಿ. ಬಚ್ಚಲಿಗೆ ಹೋಗುವ ಮೊದಲು ‘ಸ್ನಾನ’ ಎಂದು ತೋರಿಸಿ. ತಂಬಿಗೆಯ ನೀರನ್ನು ಅವಳ ಕೈಗೆ ಮುಟ್ಟಿಸಿ ‘ಬಿಸಿ’ ಎಂದೋ ‘ತಣ್ಣಗೆ’ ಎಂದೋ ತೋರಿಸಿ. ಒಂದು ತಂಬಿಗೆ ಹಾಕಿ ನಿಲ್ಲಿಸಿ, ಅವಳು ನಿಮ್ಮ ಮುಖ ನೋಡಿದಾಗ ‘ಇನ್ನೂ?’ ಎಂದು ಕೇಳಿ. ಕೊನೆಗೆ ‘ಆಯಿತು’ ಎನ್ನಿ. ದಿನವೂ ಅದೇ ಕ್ರಮ ನಡೆಯುವುದರಿಂದ ಮುಂದೇನು ಬರುತ್ತದೆಂದು ಮಗುವಿಗೆ ಮೊದಲೇ ಗೊತ್ತಿರುತ್ತದೆ, ಹಾಗಾಗಿ ಸನ್ನೆಯ ಅರ್ಥ ತಾನಾಗಿ ತಿಳಿಯುತ್ತದೆ. ಊಟ, ಬಟ್ಟೆ ಹಾಕುವುದು, ಮಲಗಿಸುವುದು ಎಲ್ಲಕ್ಕೂ ಇದೇ ರೀತಿ. ದಿನಕ್ಕೆ ಎಷ್ಟು ಸನ್ನೆ ಎಂಬ ಲೆಕ್ಕ ಇಡಬೇಡಿ. ನೀವು ಮನೆಯಲ್ಲಿ ಬಾಯಿಂದ ಆಡುವ ಮಾತುಗಳಲ್ಲಿ ಎಷ್ಟನ್ನು ಕೈಯಿಂದಲೂ ಹೇಳಲು ಬರುತ್ತದೆಯೋ ಅಷ್ಟನ್ನೂ ಹೇಳುತ್ತ ಹೋಗಿ.

ಅವಳು ಸ್ವಲ್ಪ ದೊಡ್ಡವಳಾದ ಮೇಲೆ ನೋಡಲು ಇನ್ನೂ ಕೆಲವು ಇವೆ. ಶಾಲಾ ಪಠ್ಯಪುಸ್ತಕಗಳನ್ನು ರೂಪಿಸುವ ಕೇಂದ್ರ ಸಂಸ್ಥೆ ಎನ್.ಸಿ.ಇ.ಆರ್.ಟಿ. ಮತ್ತು ಐ.ಎಸ್.ಎಲ್.ಆರ್.ಟಿ.ಸಿ. ನಡುವೆ 2020ರಲ್ಲಿ ಆದ ಒಪ್ಪಂದದಂತೆ ಪಠ್ಯಪುಸ್ತಕಗಳನ್ನು ಸನ್ನೆ ಭಾಷೆಯ ವಿಡಿಯೊಗಳಾಗಿ ಮಾಡುತ್ತಿದ್ದಾರೆ. ಅವು ದೀಕ್ಷಾ ಜಾಲತಾಣದಲ್ಲಿ ಸಿಗುತ್ತವೆ. 2024ರ ಡಿಸೆಂಬರಿನಿಂದ ಕೇಂದ್ರ ಸರ್ಕಾರದ ಶೈಕ್ಷಣಿಕ ಟಿ.ವಿ. ಚಾನೆಲ್ಲುಗಳಾದ ಪಿ.ಎಂ. ಇ-ವಿದ್ಯಾದ 31ನೆಯ ಚಾನೆಲ್ ಸನ್ನೆ ಭಾಷೆಗೇ ಮೀಸಲಾಗಿದೆ. ಇವೆರಡೂ ಶಾಲಾ ಮಕ್ಕಳನ್ನು ಮುಖ್ಯವಾಗಿ ಗಮನದಲ್ಲಿ ಇಟ್ಟುಕೊಂಡವು, ಆದ್ದರಿಂದ ಎರಡೂವರೆ ವರ್ಷದ ಮಗುವನ್ನು ಅವುಗಳ ಮುಂದೆ ಕೂರಿಸುವ ಅಗತ್ಯವಿಲ್ಲ. ಪರದೆಯನ್ನು ನೋಡಿ ಕಲಿಯಬೇಕಾದವರು ನೀವು; ಮಗು ನಿಮ್ಮನ್ನು ನೋಡಿ ಕಲಿಯುತ್ತದೆ.

ಉತ್ತರ 2: ಕಿವುಡ ಓದುಗ, ಬೆಂಗಳೂರು

ಅಕ್ಕ, ನಮಸ್ಕಾರ. ನಾನು ಹುಟ್ಟಿನಿಂದ ಕಿವುಡ. ಮನೆಯಲ್ಲಿ ನನ್ನ ಜೊತೆ ಯಾರೂ ಸನ್ನೆ ಭಾಷೆಯಲ್ಲಿ ಮಾತನಾಡುತ್ತಿರಲಿಲ್ಲ. ಶಾಲೆಯ ಹಾಸ್ಟೆಲಿನಲ್ಲಿ ಹಿರಿಯ ಹುಡುಗರಿಂದ ಕಲಿತೆ. ನನ್ನ ವಯಸ್ಸಿನ ಬಹುತೇಕ ಕಿವುಡರ ಕತೆ ಇದೇ ಆಗಿದೆ. ನಿಮ್ಮ ಮಗಳಿಗೆ ಎರಡೂವರೆ ವರ್ಷಕ್ಕೇ ಈ ಭಾಷೆ ಸಿಗುತ್ತಿದೆ ಎಂಬುದು ನನಗೆ ಬಹಳ ಸಂತೋಷದ ವಿಷಯ. ಶಿಕ್ಷಕಿಯವರು ಪದಗಳ ಬಗ್ಗೆ ಚೆನ್ನಾಗಿ ತಿಳಿಸಿದ್ದಾರೆ. ವಿಡಿಯೊ ನೋಡಿ ಕಲಿಯುವವರಿಗೆ ತಿಳಿಯದೇ ಹೋಗುವ ಕೆಲವು ವಿಷಯಗಳನ್ನು ನಾನು ಬರೆಯುತ್ತೇನೆ.

ಎಲ್ಲಕ್ಕಿಂತ ಮೊದಲನೆಯದು ನೋಟ. ಕಿವಿ ಕೇಳುವ ಮಗು ಚೆಂಡನ್ನು ನೋಡುತ್ತಿರುವಾಗಲೇ ತಾಯಿ ‘ಚೆಂಡು’ ಎಂದರೆ ಆ ಮಗುವಿಗೆ ವಸ್ತುವೂ ಪದವೂ ಒಟ್ಟಿಗೆ ಸಿಗುತ್ತವೆ. ನಮ್ಮ ಕಣ್ಣು ಎರಡೂ ಕೆಲಸವನ್ನು ಮಾಡಬೇಕು. ಮಗಳು ಚೆಂಡನ್ನು ನೋಡುತ್ತಿರುವಾಗ ನೀವು ಹಿಂದಿನಿಂದಲೋ ಪಕ್ಕದಿಂದಲೋ ಸನ್ನೆ ಮಾಡಿದರೆ ಅದು ಅವಳಿಗೆ ಕಾಣಿಸುವುದೇ ಇಲ್ಲ. ಕಿವುಡ ತಾಯಂದಿರು ಇದಕ್ಕೆ ಎರಡು ಉಪಾಯ ಮಾಡುತ್ತಾರೆ. ಒಂದು, ಮಗು ತಾನಾಗಿ ತಲೆಯೆತ್ತಿ ನೋಡುವವರೆಗೆ ಕಾಯುವುದು; ನೋಡಿದ ಕೂಡಲೇ ನಗುತ್ತ ಸನ್ನೆ ಮಾಡಿ, ಮತ್ತೆ ವಸ್ತುವನ್ನು ತೋರಿಸುವುದು. ಇನ್ನೊಂದು, ಮಗುವಿನ ನೋಟ ಎಲ್ಲಿದೆಯೋ ಅಲ್ಲಿಗೇ ಕೈಯನ್ನು ಒಯ್ಯುವುದು: ಚೆಂಡಿನ ಪಕ್ಕದಲ್ಲೇ, ಪುಸ್ತಕದ ಹಾಳೆಯ ಮೇಲೆಯೇ, ಕೆಲವೊಮ್ಮೆ ಮಗುವಿನ ಹೊಟ್ಟೆಯ ಮೇಲೆಯೋ ಕೆನ್ನೆಯ ಮೇಲೆಯೋ ಸನ್ನೆ ಮಾಡುವುದು. ಕರೆಯಬೇಕಾದಾಗ ಭುಜವನ್ನು ಮೆಲ್ಲಗೆ ತಟ್ಟಿ, ಅಥವಾ ಅವಳ ಕಣ್ಣಿನ ಅಂಚಿಗೆ ಕಾಣುವಂತೆ ಕೈ ಬೀಸಿ. ಗಲ್ಲ ಹಿಡಿದು ಮುಖವನ್ನು ನಿಮ್ಮ ಕಡೆಗೆ ತಿರುಗಿಸಬೇಡಿ. ಪದೇ ಪದೇ ಹಾಗೆ ಮಾಡಿದರೆ ಮಗು ನೋಡುವುದನ್ನೇ ತಪ್ಪಿಸಲು ಕಲಿಯುತ್ತದೆ.

ಕಿಟಕಿಗೆ ಬೆನ್ನು ಹಾಕಿ ಕೂರಬೇಡಿ. ಬೆಳಕು ನಿಮ್ಮ ಹಿಂದೆ ಇದ್ದರೆ ಮುಖವೂ ಕೈಯೂ ಕಪ್ಪಾಗಿ ಕಾಣುತ್ತವೆ. ಕರೆಂಟ್ ಹೋದಾಗ ಮೊಬೈಲಿನ ಟಾರ್ಚನ್ನು ನಿಮ್ಮ ಕೈಗಳ ಮೇಲೆ ಬೀಳುವಂತೆ ಇಟ್ಟುಕೊಳ್ಳಿ. ಮಗುವಿನ ಎತ್ತರಕ್ಕೆ ಬಂದು, ನೆಲದ ಮೇಲೆ ಕುಳಿತು ಮಾತನಾಡಿ.

ಎರಡನೆಯದು ಮುಖ. ಹುಬ್ಬು ಏರಿಸಿ, ಕಣ್ಣು ಅಗಲಿಸಿ, ತಲೆಯನ್ನು ತುಸು ಮುಂದಕ್ಕೆ ತಂದರೆ ಅದೇ ಸನ್ನೆ ‘ಹೌದೋ ಅಲ್ಲವೋ’ ಎಂಬ ಪ್ರಶ್ನೆಯಾಗುತ್ತದೆ. ತಲೆಯನ್ನು ಅಡ್ಡಡ್ಡ ಆಡಿಸಿದರೆ ನಿಷೇಧವಾಗುತ್ತದೆ. ಏನು, ಎಲ್ಲಿ, ಯಾರು ಎಂಬ ಪ್ರಶ್ನೆಯ ಸನ್ನೆ ನಮ್ಮ ಭಾಷೆಯಲ್ಲಿ ವಾಕ್ಯದ ಕೊನೆಗೆ ಬರುತ್ತದೆ. ‘ಅಜ್ಜಿ ಎಲ್ಲಿ’ ಎನ್ನುವ ಕನ್ನಡದ ಕ್ರಮಕ್ಕೆ ಇದು ಹತ್ತಿರವಿರುವುದರಿಂದ ನಿಮಗೆ ಸುಲಭವಾಗಿ ಬರುತ್ತದೆ. ಆದರೆ ಕನ್ನಡದ ಪ್ರತಿಯೊಂದು ಪ್ರತ್ಯಯಕ್ಕೂ ಒಂದೊಂದು ಸನ್ನೆ ಹುಡುಕಬೇಡಿ. ‘ಅಜ್ಜಿಗೆ ಕೊಡು’ ಎನ್ನುವಾಗ ‘ಗೆ’ ಎಂಬುದನ್ನು ನಾವು ಬೇರೆಯಾಗಿ ತೋರಿಸುವುದಿಲ್ಲ. ‘ಕೊಡು’ ಎಂಬ ಸನ್ನೆ ಮಾಡುವ ಕೈ ಮಗುವಿನ ಕಡೆಯಿಂದ ಹೊರಟು ಅಜ್ಜಿ ಕುಳಿತಿರುವ ಕಡೆಗೆ ಹೋಗುತ್ತದೆ. ‘ನನಗೆ ಕೊಡು’ ಎಂದರೆ ಅದೇ ಕೈ ನಮ್ಮ ಎದೆಯ ಕಡೆಗೆ ಬರುತ್ತದೆ. ಯಾರಿಂದ ಯಾರಿಗೆ ಎಂಬ ವ್ಯಾಕರಣವೆಲ್ಲ ಕೈ ಚಲಿಸುವ ದಿಕ್ಕಿನಲ್ಲೇ ಅಡಗಿದೆ. ಒಂದೊಂದೇ ಪದ ತೋರಿಸುವ ನಿಘಂಟಿನ ವಿಡಿಯೊಗಳಲ್ಲಿ ಇದು ಕಾಣುವುದಿಲ್ಲ. ಅದಕ್ಕಾಗಿ ಐ.ಎಸ್.ಎಚ್. ನ್ಯೂಸ್‌ನಂಥ, ಕಿವುಡರೇ ಸನ್ನೆ ಭಾಷೆಯಲ್ಲಿ ಸುದ್ದಿ ಹೇಳುವ ಚಾನೆಲ್ಲುಗಳನ್ನು ನೋಡಿ. ಮೊದಮೊದಲು ಅರ್ಥವಾಗದಿದ್ದರೂ ಯೂಟ್ಯೂಬಿನ ಸೆಟ್ಟಿಂಗ್ಸ್‌ನಲ್ಲಿ ವೇಗವನ್ನು ಅರ್ಧಕ್ಕೆ ಇಳಿಸಿಕೊಂಡು ನೋಡಿದರೆ ಕೈ, ಮುಖ, ದಿಕ್ಕು ಮೂರೂ ಹೇಗೆ ಒಟ್ಟಿಗೆ ಕೆಲಸ ಮಾಡುತ್ತವೆ ಎಂಬುದು ಕಣ್ಣಿಗೆ ಬೀಳುತ್ತದೆ.

ಮೊದಮೊದಲು ನಿಮ್ಮ ಮಗಳು ಸನ್ನೆಯನ್ನು ಸರಿಯಾಗಿ ಮಾಡದಿರಬಹುದು, ಅದರ ಬಗ್ಗೆ ಚಿಂತೆ ಬೇಡ. ಕೆನಡಾದ ಸಂಶೋಧಕರು 1991ರಲ್ಲೇ ತೋರಿಸಿದಂತೆ, ಸನ್ನೆ ಭಾಷೆಯ ಮನೆಯಲ್ಲಿ ಬೆಳೆಯುವ ಕಿವುಡ ಶಿಶುಗಳು ಕೈಯಲ್ಲೇ ತೊದಲುತ್ತವೆ. ಚಿಕ್ಕ ಮಕ್ಕಳಿಗೆ ಮುಷ್ಟಿ, ಬಿಚ್ಚಿದ ಅಂಗೈ, ತೋರುಬೆರಳು ಬೇಗ ಬರುತ್ತವೆ. ಎರಡು ಬೆರಳು ಮಡಿಸಿ ಒಂದನ್ನು ಬಾಗಿಸುವಂಥ ಸೂಕ್ಷ್ಮ ಆಕಾರಗಳು ತಡವಾಗಿ ಬರುತ್ತವೆ. ಬೆರಳು ಆಡಿಸಬೇಕಾದಲ್ಲಿ ಇಡೀ ತೋಳನ್ನೇ ಆಡಿಸುತ್ತಾರೆ. ಅವಳ ಬೆರಳು ಹಿಡಿದು ತಿದ್ದುವ ಬದಲು, ಅವಳು ಹೇಳಿದ್ದನ್ನು ನೀವು ಸರಿಯಾದ ರೂಪದಲ್ಲಿ ಮತ್ತೆ ಹೇಳಿ, ಅದಕ್ಕೆ ಉತ್ತರ ಕೊಡಿ. ಇಷ್ಟರಲ್ಲಿ ಅವಳೇ ಕೆಲವು ಸನ್ನೆಗಳನ್ನು ಸೃಷ್ಟಿಸಿಕೊಂಡಿರಬಹುದು; ಅವನ್ನು ತಳ್ಳಿಹಾಕಬೇಡಿ. ಅವಳ ಸನ್ನೆಯನ್ನು ಒಪ್ಪಿಕೊಂಡು, ಅದರ ಬೆನ್ನಿಗೇ ಭಾರತೀಯ ಸನ್ನೆಯನ್ನೂ ತೋರಿಸುತ್ತ ಬಂದರೆ ಕ್ರಮೇಣ ಅದನ್ನು ತೆಗೆದುಕೊಳ್ಳುತ್ತಾಳೆ. ಮಗು ಎಡಗೈಯದಾದರೆ ಎಡಗೈಯನ್ನೇ ಮುಖ್ಯವಾಗಿ ಬಳಸಲಿ. ಅದರಲ್ಲಿ ತಪ್ಪೇನೂ ಇಲ್ಲ.

ದೆಹಲಿಯ ವಿಡಿಯೊದಲ್ಲಿ ಒಂದು ಸನ್ನೆ, ನಿಮ್ಮ ಜಿಲ್ಲೆಯ ಕಿವುಡರಲ್ಲಿ ಇನ್ನೊಂದು ಸನ್ನೆ ಕಂಡರೆ ಗಾಬರಿಯಾಗಬೇಡಿ. ಸ್ವತಃ ಕಿವುಡರಾದ ಮದನ್ ವಸಿಷ್ಠ ಮತ್ತು ಅವರ ಜೊತೆಗಾರರು 1970 ಮತ್ತು 80ರ ದಶಕಗಳಲ್ಲಿ ದೆಹಲಿ, ಮುಂಬಯಿ, ಕೋಲ್ಕತ್ತ, ಬೆಂಗಳೂರುಗಳ ಸನ್ನೆಗಳನ್ನು ಸಂಗ್ರಹಿಸಿದಾಗಲೇ ಊರಿಂದ ಊರಿಗೆ ಪದಗಳಲ್ಲಿ ವ್ಯತ್ಯಾಸವಿರುವುದು ದಾಖಲಾಗಿದೆ. ಹುಬ್ಬಳ್ಳಿಯ ಕನ್ನಡವನ್ನೂ ಮಂಗಳೂರಿನ ಕನ್ನಡವನ್ನೂ ನಾವು ಹೇಗೆ ಒಪ್ಪುತ್ತೇವೆಯೋ ಹಾಗೆಯೇ ಇದು. ನಿಮ್ಮ ಸುತ್ತಮುತ್ತಲಿನ ಕಿವುಡರು ಬಳಸುವ ಸನ್ನೆಗೆ ನಾನು ಮೊದಲ ಸ್ಥಾನ ಕೊಡುತ್ತೇನೆ, ಏಕೆಂದರೆ ಅವಳು ಮಾತನಾಡಬೇಕಾದದ್ದು ಅವರೊಂದಿಗೆ.

ಆದ್ದರಿಂದಲೇ ನನ್ನ ಮುಖ್ಯ ಸಲಹೆ ಇದು: ಒಬ್ಬ ವಯಸ್ಕ ಕಿವುಡರನ್ನು, ಸಾಧ್ಯವಾದರೆ ಕಿವುಡ ಮಹಿಳೆಯನ್ನು ನಿಮ್ಮ ಮನೆಗೆ ಬರಮಾಡಿಕೊಳ್ಳಿ. ನಿಮ್ಮ ಜಿಲ್ಲೆಯಲ್ಲಿ ಅಥವಾ ಪಕ್ಕದ ದಾವಣಗೆರೆ, ಹುಬ್ಬಳ್ಳಿಗಳಲ್ಲಿ ಕಿವುಡರ ಸಂಘವಿದೆಯೇ ಎಂದು ವಿಚಾರಿಸಿ. ಸನ್ನೆ ಭಾಷೆ ಕಲಿಸುವುದಕ್ಕೆಂದೇ ಕಿವುಡರಿಗಾಗಿ ಡಿ.ಟಿ.ಐ.ಎಸ್.ಎಲ್. ಎಂಬ ಡಿಪ್ಲೊಮಾ ಇದೆ. ಅದನ್ನು ಮುಗಿಸಿದವರು ಸಿಕ್ಕರೆ ಇನ್ನೂ ಒಳ್ಳೆಯದು. ವಾರಕ್ಕೊಮ್ಮೆ ಬರಲಾಗದಿದ್ದರೆ ವಿಡಿಯೊ ಕರೆಯಲ್ಲಿ ಮಾತನಾಡಿ. ಬಸ್ಸಿನ ಖರ್ಚನ್ನೂ ಗೌರವಧನವನ್ನೂ ಕೊಡಿ. ಅವರು ಪಾಠ ಹೇಳಲು ಬರುವವರು. ನಿಮ್ಮ ಮಗಳು ತನ್ನಂತೆಯೇ ಇರುವ ಒಬ್ಬ ದೊಡ್ಡವರನ್ನು, ಕೆಲಸಕ್ಕೆ ಹೋಗುವ, ಗಾಡಿ ಓಡಿಸುವ, ತಮಾಷೆ ಮಾಡುವ ಕಿವುಡರನ್ನು ನೋಡಿದರೆ ಅದರಿಂದ ಅವಳಿಗೂ ನಿಮಗೂ ಆಗುವ ಪ್ರಯೋಜನ ಯಾವ ಆ್ಯಪ್‌ನಿಂದಲೂ ಆಗುವುದಿಲ್ಲ.

ಈ ಚರ್ಚೆಯನ್ನು ಓದುವ ವಿಡಿಯೊ ತಯಾರಕರಲ್ಲಿ ಒಂದು ವಿನಂತಿ. ಯೂಟ್ಯೂಬ್ ತಾನಾಗಿ ಅಡಿಬರಹ (ಸಬ್‌ಟೈಟಲ್) ಹಾಕುವುದು ಧ್ವನಿಯನ್ನು ಕೇಳಿಸಿಕೊಂಡು. ಧ್ವನಿಯಿಲ್ಲದ ಸನ್ನೆ ವಿಡಿಯೊಗೆ ಅದು ಬರುವುದಿಲ್ಲ. ನೀವೇ ಕನ್ನಡದಲ್ಲಿ ಅಡಿಬರಹ ಬರೆದು ಹಾಕಿದರೆ ಇಂಥ ಸಾವಿರಾರು ತಾಯಂದಿರಿಗೆ ಅದು ಪಾಠವಾಗುತ್ತದೆ.

ಉತ್ತರ 3: ವಾಕ್ ಮತ್ತು ಶ್ರವಣ ತಜ್ಞೆ, ಮೈಸೂರು

ಸನ್ನೆ ಕಲಿಸಿದರೆ ಮಾತು ಬರುವುದಿಲ್ಲ ಎಂಬ ಭಯದ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ನಮ್ಮ ಬಳಿಗೆ ಬರುವ ಪ್ರತಿಯೊಂದು ಕುಟುಂಬವೂ ಇದನ್ನು ಕೇಳುತ್ತದೆ ಮತ್ತು ನಮ್ಮ ವೃತ್ತಿಯವರಲ್ಲೇ ಈ ಬಗ್ಗೆ ಒಮ್ಮತವಿಲ್ಲ. ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆಯಿಂದ ಒಳಕಿವಿಗೆ ಅಳವಡಿಸುವ ಶ್ರವಣ ಸಾಧನ) ಆದ ಮಕ್ಕಳಲ್ಲಿ ಸನ್ನೆಯ ಬಳಕೆಯಿಲ್ಲದೆ ಬೆಳೆದವರ ಮಾತು ಹೆಚ್ಚು ಚೆನ್ನಾಗಿತ್ತು ಎಂದು ಹೇಳಿದ ಅಮೆರಿಕದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಸನ್ನೆ ಬೇಡ ಎನ್ನುವ ತಜ್ಞರು ಸಾಮಾನ್ಯವಾಗಿ ಅದನ್ನು ಉಲ್ಲೇಖಿಸುತ್ತಾರೆ. ಆ ಮಕ್ಕಳ ಮನೆಗಳಲ್ಲಿ ಎಷ್ಟು ಸನ್ನೆ, ಎಂಥ ಸನ್ನೆ ಬಳಕೆಯಲ್ಲಿತ್ತು ಎಂಬುದನ್ನು ಸರಿಯಾಗಿ ಅಳೆದಿಲ್ಲವೆಂದು ಅದಕ್ಕೆ ಕೂಡಲೇ ಆಕ್ಷೇಪಗಳೂ ಬಂದವು. ಇದಕ್ಕೆ ವಿರುದ್ಧವಾಗಿ, ಕಿವುಡ ತಂದೆತಾಯಿಗಳಿಂದ ಹುಟ್ಟಿನಿಂದಲೇ ಸನ್ನೆ ಭಾಷೆ ಕಲಿತು, ಅನಂತರ ಇಂಪ್ಲಾಂಟ್ ಮಾಡಿಸಿಕೊಂಡ ಮಕ್ಕಳ ಮಾತು, ಸನ್ನೆಯ ಮನೆಗಳಲ್ಲಿ ಬೆಳೆದ ಕೇಳುವ ಮಕ್ಕಳ ಮಾತಿಗೆ ಸರಿಸಮನಾಗಿತ್ತೆಂದು 2014ರ ಇನ್ನೊಂದು ಅಧ್ಯಯನ ತೋರಿಸಿದೆ. ಅದರಲ್ಲಿದ್ದ ಮಕ್ಕಳ ಸಂಖ್ಯೆ ಚಿಕ್ಕದು ಎಂಬುದನ್ನೂ ಹೇಳಬೇಕು. ಆದರೂ, ಸನ್ನೆಯೇ ಮಾತನ್ನು ತಡೆಯುವುದಾದರೆ ಆ ಮಕ್ಕಳಲ್ಲಿ ಅದು ಎದ್ದು ಕಾಣಬೇಕಾಗಿತ್ತು.

ನನ್ನ ಅಭಿಪ್ರಾಯ ಹೀಗಿದೆ. ಮಾತು ಯಾವ ಮಗುವಿಗೆ ಎಷ್ಟು ಬರುತ್ತದೆ ಎಂಬುದನ್ನು ಎರಡೂವರೆ ವರ್ಷಕ್ಕೆ ಯಾರೂ ಖಚಿತವಾಗಿ ಹೇಳಲಾರರು. ಉಳಿದಿರುವ ಶ್ರವಣಶಕ್ತಿ, ಸಾಧನವನ್ನು ಎಚ್ಚರವಿರುವಾಗಲೆಲ್ಲ ಹಾಕುತ್ತಾರೆಯೇ ಎಂಬುದು, ತರಬೇತಿಯ ಗುಣಮಟ್ಟ, ಇವೆಲ್ಲದರ ಮೇಲೆ ಅದು ನಿಂತಿದೆ. ಆದರೆ ಹುಟ್ಟಿದ ಮೊದಲ ಐದಾರು ವರ್ಷಗಳಲ್ಲಿ ಯಾವುದಾದರೂ ಒಂದು ಭಾಷೆ ಪೂರ್ಣವಾಗಿ ಸಿಗದಿದ್ದರೆ ಆಮೇಲೆ ಯಾವ ಭಾಷೆಯೂ ಸಲೀಸಾಗಿ ಬರುವುದಿಲ್ಲ ಎಂಬುದಕ್ಕೆ ದಶಕಗಳ ಆಧಾರವಿದೆ. ಶ್ರವಣದೋಷವನ್ನು ಆರು ತಿಂಗಳೊಳಗೆ ಗುರುತಿಸಿ ನೆರವು ಕೊಟ್ಟಾಗ, ಬಾಯಿಮಾತನ್ನು ಆರಿಸಿಕೊಂಡ ಕುಟುಂಬಗಳಲ್ಲಿಯೂ ಸನ್ನೆಯನ್ನು ಆರಿಸಿಕೊಂಡ ಕುಟುಂಬಗಳಲ್ಲಿಯೂ ಮಕ್ಕಳ ಭಾಷೆ ಉತ್ತಮವಾಗಿ ಬೆಳೆಯಿತೆಂದು ಅಮೆರಿಕದ ಕೊಲರಾಡೊದಲ್ಲಿ ನಡೆದ, 1998ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನ ಹೇಳಿತು. ಆದ್ದರಿಂದ ಮಾತು ಬರುತ್ತದೆಯೋ ಇಲ್ಲವೋ ನೋಡೋಣ, ಬರದಿದ್ದರೆ ಆಮೇಲೆ ಸನ್ನೆ ಕಲಿಸೋಣ ಎಂದು ಕಾಯುವುದನ್ನು ನಾನು ಒಪ್ಪುವುದಿಲ್ಲ. ಮಷಿನ್ ದಿನವಿಡೀ ಹಾಕಿ, ಕನ್ನಡದಲ್ಲಿ ಮಾತನಾಡಿ, ಸನ್ನೆಯನ್ನೂ ಮಾಡಿ.

ಇಂಪ್ಲಾಂಟ್ ಬಗ್ಗೆ ನಿಮ್ಮ ವೈದ್ಯರು ಹೇಳಿದ್ದರೆ ಆ ವಿಚಾರಣೆಯನ್ನು ತಡಮಾಡದೆ ಮುಂದುವರಿಸಿ. ಸರ್ಕಾರಿ ನೆರವಿನ ಯೋಜನೆಗಳಿಗೆ ವಯಸ್ಸಿನ ಮಿತಿ ಇರುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ಮಾಡಿರುವ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರಗಳಲ್ಲಿ ಈ ವಿಷಯವನ್ನು ಕೇಳಬಹುದು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಒಮ್ಮೆ ಬರುವುದೂ ಒಳ್ಳೆಯದು. ಅಲ್ಲಿ ಇಂಥ ಮಕ್ಕಳಿಗಾಗಿ ಶಾಲಾಪೂರ್ವ ತರಗತಿಗಳಿವೆ.

ಪ್ರಶ್ನೆ ಕೇಳಿದವರು: ಮಗುವಿನ ತಾಯಿ, ರಾಣೆಬೆನ್ನೂರು ತಾಲ್ಲೂಕು

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ವಾಟ್ಸ್‌ಆ್ಯಪ್ ಗುಂಪನ್ನು ಇಂದೇ ಮಾಡಿದ್ದೇವೆ. ಇನ್ನೆರಡು ವಿಷಯ ಕೇಳಬೇಕಾಗಿದೆ. ಅತ್ತೆಯವರಿಗೆ ಮೊಬೈಲ್ ನೋಡಿ ಕಲಿಯುವ ಅಭ್ಯಾಸವಿಲ್ಲ, ಅವರಿಗೆ ಹೇಗೆ ಹೇಳಿಕೊಡುವುದು? ಕತೆ ಪುಸ್ತಕ ಓದಿ ಹೇಳಬೇಕೆಂದು ನನಗೆ ಆಸೆಯಿದೆ. ಇಷ್ಟು ಕಡಿಮೆ ಸನ್ನೆ ಬರುವವರು ಅದನ್ನು ಮಾಡಬಹುದೇ? ಮುಂದಿನ ವರ್ಷ ಅಂಗನವಾಡಿಗೂ ಕಳುಹಿಸಬೇಕೆಂದಿದ್ದೇವೆ.

ಉತ್ತರ 4: ಕಿವುಡ ಮಗನ ತಂದೆ, ಶಿವಮೊಗ್ಗ

ನಮ್ಮ ಮಗ ಈಗ ಮಾಧ್ಯಮಿಕ ಶಾಲೆಯಲ್ಲಿದ್ದಾನೆ. ನಮ್ಮ ಮನೆಯಲ್ಲಿ ಸನ್ನೆ ಭಾಷೆಯನ್ನು ಬೇಗ ಹಿಡಿದವರು ನನ್ನ ತಾಯಿಯೇ, ಅವರೂ ಓದು ಬರಹ ಕಲಿತವರಲ್ಲ. ಹಿರಿಯರು ಮಾತನಾಡುವಾಗ ಕೈ ಮುಖ ಎರಡನ್ನೂ ಧಾರಾಳವಾಗಿ ಬಳಸುತ್ತಾರೆ, ಇದು ಅವರಿಗೆ ಬಂದಿರುವ ದೊಡ್ಡ ಅನುಕೂಲ. ಐದು ಬೆರಳು ಕೂಡಿಸಿ ಬಾಯಿಗೆ ಒಯ್ದು ‘ಊಟ’ ಎನ್ನುವುದು, ಕೆನ್ನೆಗೆ ಅಂಗೈ ಇಟ್ಟು ತಲೆ ವಾಲಿಸಿ ‘ನಿದ್ದೆ’ ಎನ್ನುವುದು ಅವರಿಗೆ ಹೇಳಿಕೊಡಬೇಕಾಗಿಯೇ ಇಲ್ಲ. ಹೆಬ್ಬೆರಳು ಎತ್ತಿದರೆ ಒಳ್ಳೆಯದು, ಕಿರುಬೆರಳು ಎತ್ತಿದರೆ ಕೆಟ್ಟದ್ದು. ತುಟಿಯ ಮೇಲೆ ಮೀಸೆಯ ಜಾಗದಲ್ಲಿ ಬೆರಳು ಎಳೆದರೆ ಗಂಡಸು, ಮೂಗುತಿಯ ಜಾಗ ಮುಟ್ಟಿದರೆ ಹೆಂಗಸು. ಇಂಥವನ್ನು ಒಮ್ಮೆ ತೋರಿಸಿದರೆ ಅತ್ತೆಯವರು ಮರೆಯುವುದಿಲ್ಲ. ಅವರನ್ನು ಕೂರಿಸಿ ಪಾಠ ಮಾಡಬೇಡಿ. ರಾತ್ರಿ ಎಲ್ಲರೂ ಊಟಕ್ಕೆ ಕುಳಿತಾಗ ‘ಸಾರು ಬೇಕೇ’, ‘ಸಾಕು’, ‘ಉಪ್ಪು ಕೊಡಿ’ ಎಂಬುದನ್ನು ದೊಡ್ಡವರೂ ಪರಸ್ಪರ ಸನ್ನೆಯಲ್ಲೇ ಕೇಳುವ ರೂಢಿ ಮಾಡಿ. ಕಿವಿ ಕೇಳುವ ಮಗು ತನಗಲ್ಲದ ಮಾತುಗಳನ್ನೂ ಕೇಳಿಸಿಕೊಂಡೇ ಅರ್ಧ ಭಾಷೆ ಕಲಿಯುತ್ತದೆ; ನಮ್ಮ ಮಕ್ಕಳಿಗೆ ಆ ಅವಕಾಶ ಸಿಗಬೇಕಾದರೆ ದೊಡ್ಡವರು ತಮ್ಮತಮ್ಮಲ್ಲಿ ಆಡುವ ಮಾತೂ ಅವರ ಕಣ್ಣಿಗೆ ಕಾಣಬೇಕು. ನಮ್ಮ ಮನೆಯಲ್ಲಿ ಬಹಳ ಬದಲಾವಣೆ ತಂದದ್ದು ಇದೊಂದೇ ರೂಢಿ ಎಂದು ನಾನು ಈಗಲೂ ನಂಬುತ್ತೇನೆ.

ಕತೆಯನ್ನು ಖಂಡಿತ ಹೇಳಬಹುದು. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತವಾಗಿ ಸಿಗುತ್ತವೆ; ಪುಟಕ್ಕೆ ಒಂದೆರಡು ಸಾಲು ಇರುವ ಮೊದಲ ಹಂತದವನ್ನು ಆರಿಸಿ. ಪುಸ್ತಕದಲ್ಲಿರುವ ವಾಕ್ಯವನ್ನು ಪದಶಃ ತೋರಿಸಬೇಕಾಗಿಲ್ಲ. ಪುಸ್ತಕವನ್ನು ತೊಡೆಯ ಮೇಲೋ ಮಣೆಯ ಮೇಲೋ ತೆರೆದಿಟ್ಟು ಎರಡೂ ಕೈ ಬಿಡುವಾಗಿರುವಂತೆ ನೋಡಿಕೊಳ್ಳಿ. ಮಗಳನ್ನು ಪಕ್ಕದಲ್ಲಿ ಕೂರಿಸದೆ ಎದುರಿಗೆ ಕೂರಿಸಿ, ಆಗ ಪುಸ್ತಕವನ್ನೂ ನಿಮ್ಮ ಮುಖವನ್ನೂ ಒಂದೇ ನೋಟದಲ್ಲಿ ನೋಡಬಹುದು. ಅವಳು ಚಿತ್ರವನ್ನು ಪೂರ್ತಿ ನೋಡಿ ಮುಗಿಸಿ ತಲೆಯೆತ್ತಿದ ಮೇಲೆ ಸನ್ನೆಯಲ್ಲಿ ಹೇಳಿ, ಮತ್ತೆ ಚಿತ್ರ ತೋರಿಸಿ. ಸನ್ನೆ ಗೊತ್ತಿಲ್ಲದಲ್ಲಿ ಅಭಿನಯಿಸಿ: ಬೆಕ್ಕು ಹೇಗೆ ಹೊಂಚು ಹಾಕಿತು, ಇಲಿ ಹೇಗೆ ಓಡಿತು ಎಂಬುದನ್ನು ಮೈಯಿಂದಲೇ ಮಾಡಿ ತೋರಿಸಬಹುದು. ಒಂದೇ ಪುಸ್ತಕವನ್ನು ಮತ್ತೆ ಮತ್ತೆ ಹೇಳಿ; ಪ್ರತಿ ಸಲವೂ ನಿಘಂಟಿನಿಂದ ಒಂದೆರಡು ಹೊಸ ಸನ್ನೆ ಕಲಿತು ಅಭಿನಯದ ಜಾಗದಲ್ಲಿ ಸೇರಿಸಿ. ಅವಳೇ ಪುಟ ತಿರುಗಿಸಿ ಹಿಂದಕ್ಕೆ ಹೋದರೆ ನೀವೂ ಅಲ್ಲಿಗೇ ಹೋಗಿ.

ಅಂಗನವಾಡಿಗೆ ಕಳುಹಿಸುವ ವಿಷಯದಲ್ಲಿ ಈಗಿನಿಂದಲೇ ಕಾರ್ಯಕರ್ತೆಯವರೊಂದಿಗೆ ಮಾತನಾಡಿ, ಅವರನ್ನೂ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಸಿಕೊಳ್ಳಿ. ಅಲ್ಲಿನ ಬೇರೆ ಮಕ್ಕಳು ಹತ್ತು ಸನ್ನೆ ಕಲಿತರೂ ನಿಮ್ಮ ಮಗಳಿಗೆ ಆಟಕ್ಕೆ ಜೊತೆ ಸಿಗುತ್ತದೆ, ಮತ್ತು ಮಕ್ಕಳು ನಮಗಿಂತ ಬೇಗ ಕಲಿಯುತ್ತಾರೆ. ನಿಮ್ಮ ಗ್ರಾಮ ಪಂಚಾಯಿತಿಯ ವಿ.ಆರ್.ಡಬ್ಲ್ಯು. ಅಥವಾ ತಾಲ್ಲೂಕಿನ ಎಂ.ಆರ್.ಡಬ್ಲ್ಯು. (ಇಬ್ಬರೂ ವಿಕಲಚೇತನರ ಪುನರ್ವಸತಿ ಕಾರ್ಯಕರ್ತರು) ಅವರನ್ನು ಕಂಡು ಯು.ಡಿ.ಐ.ಡಿ. ಎಂಬ ವಿಕಲಚೇತನರ ಗುರುತಿನ ಕಾರ್ಡ್ ಮಾಡಿಸಿಕೊಳ್ಳಿ, ಸುತ್ತಲಿನ ಹಳ್ಳಿಗಳಲ್ಲಿ ಬೇರೆ ಕಿವುಡ ಮಕ್ಕಳು, ವಯಸ್ಕ ಕಿವುಡರು ಯಾರಿದ್ದಾರೆ ಎಂಬುದೂ ಅವರಿಗೆ ಗೊತ್ತಿರುತ್ತದೆ. ಶಾಲೆಯ ವಯಸ್ಸು ಹತ್ತಿರವಾದಾಗ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿರುವ ಬಿ.ಐ.ಇ.ಆರ್.ಟಿ. ಶಿಕ್ಷಕರನ್ನು, ಅಂದರೆ ವಿಶೇಷ ಅಗತ್ಯವುಳ್ಳ ಮಕ್ಕಳ ಕಲಿಕೆಗೆ ನೆರವಾಗುವ ಸಂಪನ್ಮೂಲ ಶಿಕ್ಷಕರನ್ನು ಭೇಟಿ ಮಾಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಂತೆ, ಶೇಕಡಾ 40 ಅಥವಾ ಹೆಚ್ಚಿನ ವೈಕಲ್ಯವಿರುವ ಆರರಿಂದ ಹದಿನೆಂಟು ವರ್ಷದ ಮಗುವಿಗೆ ಹತ್ತಿರದ ಶಾಲೆಯಲ್ಲಾಗಲಿ ತಾನು ಬಯಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ, ಮತ್ತು ಸನ್ನೆ ಭಾಷೆ ಬಲ್ಲ ಶಿಕ್ಷಕರನ್ನು ನೇಮಿಸುವ ಹೊಣೆಯನ್ನು ಅದೇ ಕಾಯ್ದೆ ಸರ್ಕಾರದ ಮೇಲೆ ಹೊರಿಸಿದೆ. ವಿಶೇಷ ಶಾಲೆಯನ್ನು ನೋಡಲು ಹೋದಾಗ ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಮಾತನಾಡಿ ಹಿಂದಿರುಗಬೇಡಿ. ಒಂದನೆಯ ತರಗತಿಯಲ್ಲಿ ಸ್ವಲ್ಪ ಹೊತ್ತು ಕುಳಿತು, ಪಾಠ ಹೇಳುವವರು ಮಕ್ಕಳೊಡನೆ ನಿಜವಾಗಿ ಸನ್ನೆ ಭಾಷೆಯಲ್ಲಿ ಮಾತನಾಡುತ್ತಾರೆಯೇ, ಸಿಬ್ಬಂದಿಯಲ್ಲಿ ಕಿವುಡ ಶಿಕ್ಷಕರು ಇದ್ದಾರೆಯೇ ಎಂದು ನೋಡಿಕೊಂಡು ಆಮೇಲೆ ನಿರ್ಧರಿಸಿ.